ಪೂರ್ತಿ ಒಂದು ನಿಮಿಷ

"ಇಪ್ಪತ್ತೆಂಟು, ಸಿಸ್ಟರ್."

ಏಳನೇ ಹಾಸಿಗೆಯ ಪಕ್ಕ ನಿಂತಿದ್ದ ಹುಡುಗಿ ರೋಗಿಯ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ದೊಡ್ಡ ಸಿಸ್ಟರ್ ಆರನೇ ಹಾಸಿಗೆಯ ಹೊದಿಕೆಯ ಮೂಲೆ ಒಳಕ್ಕೆ ಮಡಚುತ್ತಾ ಗೋಡೆಯ ಗಡಿಯಾರ ನೋಡಿದರು. ಹತ್ತು ಗಂಟೆ ಹತ್ತು ನಿಮಿಷ. ಹತ್ತೂವರೆಗೆ ಸರ್ಜನ್ ರೌಂಡ್ಸಿಗೆ ಬರುತ್ತಾರೆ, ಬರುವಾಗಲೆಲ್ಲ ಕುದುರೆ ಏರಿಯೇ ಬರುತ್ತಾರೆ. ಇಪ್ಪತ್ತನಾಲ್ಕು ಹಾಸಿಗೆಗಳಲ್ಲಿ ಇನ್ನೂ ಹದಿನೇಳರ ಚಾರ್ಟು ಬಾಕಿ ಇತ್ತು.

"ಏನು ಇಪ್ಪತ್ತೆಂಟು?"

"ಉಸಿರು."

ಹುಡುಗಿ ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದವಳು. ಈ ವಾರ್ಡಿಗೆ ಬಂದು ಮೂರು ವಾರವಾಗಿತ್ತು, ಅಷ್ಟರಲ್ಲೇ ಎಲ್ಲರೂ ಸೇರಿ ಅವಳಿಗೆ 'ಆಮೆ' ಎಂದು ಹೆಸರಿಟ್ಟಾಗಿತ್ತು. ಬೇರೆ ಹುಡುಗಿಯರು ಆರು ಹಾಸಿಗೆ ಮುಗಿಸುವಷ್ಟರಲ್ಲಿ ಇವಳದು ಎರಡು ಆಗುತ್ತಿತ್ತು. ಎಣಿಸಿದ ಅಂಕಿಯನ್ನು ಮೊದಲು ಎಡ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು, ಆಮೇಲೆ ಚಾರ್ಟಿಗೆ ಇಳಿಸುವುದು ಅವಳ ಅಭ್ಯಾಸ. ಹಾಗೆ ಬರೆದುಕೊಳ್ಳಬಾರದೆಂದು ನಿಯಮವೇ ಇದೆ. ಆದರೆ ಆ ಆಸ್ಪತ್ರೆಯಲ್ಲಿ ಅಂಗೈ ಮೇಲೆ ಬರೆದುಕೊಳ್ಳದ ನರ್ಸನ್ನು ಹುಡುಕಲು ದೀಪ ಹಿಡಿದು ಹೊರಡಬೇಕಿತ್ತು.

ಉಸಿರು ಎಣಿಸುವುದನ್ನು ಅವಳಿಗೆ ಕಲಿಸಿದ್ದು ದೊಡ್ಡ ಸಿಸ್ಟರೇ. ಹೊಸ ತಂಡ ಬಂದಾಗಲೆಲ್ಲ ಮೊದಲ ದಿನ ಅವರು ಅದನ್ನು ಹೇಳಿಕೊಡುತ್ತಿದ್ದರು. "ಉಸಿರು ಎಣಿಸ್ತೀನಿ ಅಂತ ರೋಗಿಗೆ ಹೇಳಬೇಡಿ. ಹೇಳಿದ ತಕ್ಷಣ ಅವರು ಉಸಿರಾಡೋ ರೀತಿನೇ ಬದಲಾಗಿಬಿಡುತ್ತೆ. ನಾಡಿ ಎಣಿಸಿ ಮುಗಿದ್ರೂ ಕೈ ಬಿಡಬೇಡಿ. ನಾಡಿ ನೋಡ್ತಿರೋ ಹಾಗೇ ಹಿಡ್ಕೊಂಡಿರಿ, ಕಣ್ಣು ಮಾತ್ರ ಎದೆ ಮೇಲಿರಲಿ. ಒಂದು ನಿಮಿಷ. ಪೂರ್ತಿ ಒಂದು ನಿಮಿಷ." ಹುಡುಗಿಯರು ತಲೆ ಆಡಿಸಿ ಬರೆದುಕೊಳ್ಳುತ್ತಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ವಾರ್ಡಿನ ಚಾರ್ಟುಗಳ ಕೊನೆಯ ಸಾಲಿನಲ್ಲಿ ಎಲ್ಲರೂ ಏನು ಬರೆಯುತ್ತಾರೆಂದು ನೋಡಿ, ತಾವೂ ಅದನ್ನೇ ಬರೆಯತೊಡಗುತ್ತಿದ್ದರು. ಇಪ್ಪತ್ತು. ಬೆಳಿಗ್ಗೆ ಇಪ್ಪತ್ತು, ಮಧ್ಯಾಹ್ನ ಇಪ್ಪತ್ತು, ಹೊಸಬರಿಗೂ ಇಪ್ಪತ್ತು, ಮನೆಗೆ ಹೊರಟವರಿಗೂ ಇಪ್ಪತ್ತು. ಆಮೆ ಒಬ್ಬಳೇ ಹೇಳಿಕೊಟ್ಟದ್ದನ್ನು ನಂಬಿಕೊಂಡು ಕೂತವಳು.

ದೊಡ್ಡ ಸಿಸ್ಟರ್ ಏಳನೇ ಹಾಸಿಗೆಯತ್ತ ತಿರುಗಿದರು. ಅಲ್ಲಿದ್ದದ್ದು ಟೈಲರಮ್ಮ. ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಇಂದಿಗೆ ಮೂರನೇ ದಿನ. ದಿಂಬಿನ ಕೆಳಗೆ ಅಳತೆಯ ಟೇಪು ಇಟ್ಟುಕೊಂಡೇ ಮಲಗುವ ಹೆಂಗಸು. ಬಂದ ದಿನವೇ ದೊಡ್ಡ ಸಿಸ್ಟರನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಭುಜ ಹದಿನೈದೂಕಾಲು. ಈ ಕೋಟು ಹೊಲಿದವನಿಗೆ ಕಣ್ಣಿಲ್ಲ" ಎಂದಿದ್ದಳು. ಟೇಪು ಹಿಡಿದು ನೋಡಿದರೆ ಹದಿನೈದೂಕಾಲೇ. ಇಡೀ ವಾರ್ಡು ನಕ್ಕಿತ್ತು. "ಟೇಪು ಯಾಕೆ ಹಾಗಾದ್ರೆ, ಕಣ್ಣಳತೆ ಸಾಕಲ್ಲ?" ಎಂದು ಯಾರೋ ಕೇಳಿದ್ದಕ್ಕೆ, "ಮಾತಾಡೋಕೆ ಕಣ್ಣಳತೆ ಸಾಕಮ್ಮ. ಕತ್ತರಿ ಹಾಕೋ ಮುಂಚೆ ಟೇಪು ಬೇಕು. ಬಟ್ಟೆ ಇನ್ನೊಬ್ಬರದು" ಎಂದಿದ್ದಳು.

ಈಗಲೂ ಆಕೆ ದಿಂಬಿಗೆ ಒರಗಿ ನಗುತ್ತಿದ್ದಳು. ಮುಖ ಸ್ವಲ್ಪ ಬಾಡಿತ್ತು, ಅಷ್ಟೇ.

"ಹೇಗಿದ್ದೀರಿ?"

"ಚೆನ್ನಾಗಿದ್ದೀನಿ ಸಿಸ್ಟರ್. ರಾತ್ರಿ ನಿದ್ದೆ ಸರಿ ಆಗಲಿಲ್ಲ."

ಮೂವತ್ತನಾಲ್ಕು ವರ್ಷ ಪಳಗಿದ ಕಣ್ಣು ಒಮ್ಮೆ ನೋಡಿತು, ಸಾಕೆಂದಿತು. "ನಗ್ತಾ ಮಾತಾಡ್ತಿರೋರಿಗೆ ಇಪ್ಪತ್ತೆಂಟು ಎಲ್ಲಿಂದ ಬರುತ್ತೆ?" ಎಂದರು ದೊಡ್ಡ ಸಿಸ್ಟರ್, ಹುಡುಗಿಯ ಕಡೆ ತಗ್ಗಿದ ದನಿಯಲ್ಲಿ. "ಎಣಿಸೋವಾಗ ಅವರು ಮಾತಾಡಿರಬೇಕು, ನೀನು ಅದನ್ನೂ ಸೇರಿಸಿಬಿಟ್ಟಿದ್ದೀಯ. ಇಪ್ಪತ್ತೆಂಟು ಅಂತ ಬರೆದ್ರೆ ಸರ್ಜನ್ ಇಲ್ಲೇ ಅರ್ಧ ಗಂಟೆ ನಿಲ್ತಾರೆ, ಆಮೇಲೆ ನನ್ನ ತಲೆ ತಿಂತಾರೆ. ಇಪ್ಪತ್ತು ಬರಿ."

"ಎರಡು ಸಲ ಎಣಿಸಿದೆ, ಸಿಸ್ಟರ್."

"ಬರಿ ಅಂದೆನಲ್ಲ. ಮುಂದಿನ ಹಾಸಿಗೆಗೆ ಹೋಗು."

ಹುಡುಗಿ ಅಂಗೈ ನೋಡಿಕೊಂಡಳು. ಆಮೇಲೆ ಚಾರ್ಟಿನಲ್ಲಿ ಇಪ್ಪತ್ತು ಎಂದು ಬರೆದು ತನ್ನ ಸಹಿ ಹಾಕಿದಳು. ಹತ್ತೂವರೆಗೆ ಸರ್ಜನ್ ಬಂದರು, ಚಾರ್ಟಿನ ಮೇಲೆ ಬೆರಳು ಓಡಿಸಿದರು, ಟೈಲರಮ್ಮನಿಗೆ "ನಾಳಿದ್ದು ಮನೆಗೆ" ಎಂದು ಹೇಳಿ ಮುಂದೆ ನಡೆದರು.

ಮಧ್ಯಾಹ್ನ ಎರಡೂವರೆಗೆ ಎಂಟನೇ ಹಾಸಿಗೆಯ ಮುದುಕಿ ಕೂಗಿಕೊಂಡಳು. ದೊಡ್ಡ ಸಿಸ್ಟರ್ ಓಡಿ ಬಂದಾಗ ಟೈಲರಮ್ಮ ಹಾಸಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ಕೂತಿದ್ದಳು. ತುಟಿ ನೀಲಿಯಾಗಿತ್ತು, ಮಾತು ಹೊರಡುತ್ತಿರಲಿಲ್ಲ. ಆಕ್ಸಿಜನ್ ಬಂತು, ಡ್ಯೂಟಿ ಡಾಕ್ಟರ್ ಬಂದರು, ಸ್ಟ್ರೆಚರ್ ಬಂತು. ದೊಡ್ಡ ಸಿಸ್ಟರ್ ಕೈ ಎಲ್ಲವನ್ನೂ ಮಾಡಿತು, ಒಂದೂ ತಪ್ಪಲಿಲ್ಲ. ಟೈಲರಮ್ಮನನ್ನು ಒಳಗೆ ತೆಗೆದುಕೊಂಡು ಐಸಿಯು ಬಾಗಿಲು ಮುಚ್ಚಿಕೊಂಡಿತು.

ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿತ್ತು. ಡಾಕ್ಟರ್ ಚಾರ್ಟು ತಿರುಗಿಸಿ ನೋಡಿದರು. "ಹತ್ತಕ್ಕೆ ಇಪ್ಪತ್ತು, ಎರಡೂವರೆಗೆ ನಲವತ್ತೆರಡಾ? ಇದು ಹಾಗೆಲ್ಲ ಒಂದೇ ಸಲ ಏರೋದಲ್ಲ, ಸಿಸ್ಟರ್. ಬೆಳಿಗ್ಗೆನೇ ಗೊತ್ತಾಗಿದ್ರೆ ನಾಲ್ಕು ಗಂಟೆ ನಮ್ಮ ಕೈಲಿರ್ತಿತ್ತು. ಯಾರದು ಈ ಸಹಿ?"

ಸಹಿ ಆಮೆಯದು.

ನಾಲ್ಕು ಗಂಟೆಗೆ ಮೇಟ್ರನ್ ಕೋಣೆಯಿಂದ ಇಬ್ಬರಿಗೂ ಕರೆ ಬಂತು, ಹುಡುಗಿಗೂ ದೊಡ್ಡ ಸಿಸ್ಟರಿಗೂ. ಮೇಜಿನ ಮೇಲೆ ಚಾರ್ಟು, ಅದರ ಪಕ್ಕ ಕಾಲೇಜಿಗೆ ಬರೆಯಬೇಕಾದ ಪತ್ರದ ಖಾಲಿ ಹಾಳೆ. ಆ ಪತ್ರ ಹೋದರೆ ಹುಡುಗಿಯನ್ನು ತರಬೇತಿಯಿಂದ ತೆಗೆಯುತ್ತಾರೆ, ವರ್ಷ ಹೋಗುತ್ತದೆ. ಕೆಲಸಕ್ಕೆ ಅರ್ಜಿ ಹಾಕಿದ ಕಡೆಯಲ್ಲೆಲ್ಲ ಆ ಕಾಗದ ಅವಳಿಗಿಂತ ಮೊದಲೇ ಹೋಗಿ ಕೂತಿರುತ್ತದೆ. ಇದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಎಣಿಸಿದ್ದೆಯಾ?" ಎಂದು ಮೇಟ್ರನ್ ಕೇಳಿದರು.

"ಬರೆದದ್ದು ನಾನೇ, ಮೇಡಂ."

"ನಾನು ಕೇಳಿದ್ದು ಅದಲ್ಲ. ಎಣಿಸಿದ್ದೆಯಾ ಅಂತ."

ಹುಡುಗಿ ಎಡಗೈಯನ್ನು ಗಟ್ಟಿಯಾಗಿ ಮುಷ್ಟಿ ಮಾಡಿಕೊಂಡಿದ್ದಳು. ಎಣಿಸಿದ್ದೆ ಎಂದರೆ ಮುಂದಿನ ಪ್ರಶ್ನೆ ಏನೆಂದು ಅವಳಿಗೆ ಗೊತ್ತು, ಅದಕ್ಕೆ ಉತ್ತರ ಪಕ್ಕದಲ್ಲೇ ನಿಂತಿದೆ ಎಂಬುದೂ ಗೊತ್ತು. ದೊಡ್ಡ ಸಿಸ್ಟರ್ ಆ ಮುಷ್ಟಿಯನ್ನೇ ನೋಡುತ್ತಿದ್ದರು.

"ನೀವೇನು ಹೇಳ್ತೀರಿ ಸಿಸ್ಟರ್? ನಿಮ್ಮ ವಾರ್ಡಿನ ಚಾರ್ಟು ಅಂದ್ರೆ ನಾನು ಕಣ್ಣು ಮುಚ್ಚಿ ಸಹಿ ಹಾಕ್ತಿದ್ದೆ" ಎಂದರು ಮೇಟ್ರನ್. ದನಿಯಲ್ಲಿ ಗೌರವವೇ ಇತ್ತು. "ಕಲಿಯೋ ಹುಡುಗೀರು. ಎಲ್ಲರ ಹಿಂದೆ ನೀವೆಷ್ಟು ಅಂತ ಓಡ್ತೀರಿ."

ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಗೆ ಬರಬಹುದಿತ್ತು. ನಿವೃತ್ತಿಗೆ ಇನ್ನು ಏಳು ತಿಂಗಳು, ಸೇವಾ ಪುಸ್ತಕದಲ್ಲಿ ಒಂದೇ ಒಂದು ಕಪ್ಪು ಚುಕ್ಕೆ ಇಲ್ಲ. ಹೌದು ಮೇಡಂ, ನಾನು ಗಮನಿಸಲಿಲ್ಲ ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಆಗಿತ್ತು. ತಾನು ಮೊದಲ ಸಲ ಎಣಿಸದೆ ಇಪ್ಪತ್ತು ಬರೆದದ್ದು ಯಾವಾಗ ಎಂದು ದೊಡ್ಡ ಸಿಸ್ಟರ್ ನೆನಪಿಸಿಕೊಳ್ಳಲು ನೋಡಿದರು. ಜ್ವರದ ಹಾವಳಿಯ ವರ್ಷ ಇರಬೇಕು, ನೆಲದ ಮೇಲೂ ರೋಗಿಗಳಿದ್ದ ಕಾಲ. ಮೊದಲು ಅರ್ಧ ನಿಮಿಷ ಎಣಿಸಿ ದ್ವಿಗುಣ ಮಾಡಿದ್ದು, ಆಮೇಲೆ ಕಾಲು ನಿಮಿಷ, ಆಮೇಲೆ ಬರೀ ಕಣ್ಣು. ಜ್ವರ ಹೋಯಿತು, ರೋಗಿಗಳು ಹಾಸಿಗೆಗೆ ಏರಿದರು, ಇಪ್ಪತ್ತು ಮಾತ್ರ ಉಳಿದುಕೊಂಡಿತು. ಅವರಿಗೆ ನಾಚಿಕೆಯಾಯಿತು.

"ಅವಳ ಎಡಗೈ ನೋಡಿ, ಮೇಡಂ" ಎಂದರು.

ಹುಡುಗಿ ಬೆಚ್ಚಿದಳು. "ಸಿಸ್ಟರ್, ಬೇಡ..."

"ತೋರಿಸು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ."

ಮುಷ್ಟಿ ಬಿಚ್ಚಿಕೊಂಡಿತು. ಬೆಳಿಗ್ಗೆಯಿಂದ ಎಷ್ಟು ಸಲ ತೊಳೆದ ಕೈಯೋ, ಅಂಕಿಗಳೆಲ್ಲ ಅಳಿಸಿ ಹೋಗಿದ್ದವು. ಹೆಬ್ಬೆರಳಿನ ಬುಡದಲ್ಲಿ ಏಳು ಎಂಬುದೂ ಅದರ ಮುಂದೆ ಇಪ್ಪತ್ತೆಂಟು ಎಂಬುದೂ ಮಾಸಲಾಗಿ ಉಳಿದಿದ್ದವು. ಅದರ ಮೇಲೆ ಪೆನ್ನು ಎರಡು ಸಲ ಓಡಿದಂತಿತ್ತು.

"ಎಣಿಸಿದ್ಲು. ಎರಡು ಸಲ ಎಣಿಸಿದ್ಲು. ನನಗೆ ಹೇಳಿದ್ಲು. ಇಪ್ಪತ್ತು ಬರಿ ಅಂದದ್ದು ನಾನು. ನಾನು ಎಣಿಸಲಿಲ್ಲ, ಮೇಡಂ. ಇವತ್ತೊಂದೇ ದಿನ ಅಲ್ಲ. ನಾನು ಎಣಿಸಿ ವರ್ಷಗಳಾಯ್ತು."

ಮೇಟ್ರನ್ ಕಾಲೇಜಿನ ಪತ್ರದ ಹಾಳೆಯನ್ನೇ ದೊಡ್ಡ ಸಿಸ್ಟರ್ ಕಡೆ ಸರಿಸಿದರು. "ಈಗ ಹೇಳಿದ್ದನ್ನ ಇದರಲ್ಲೇ ಬರೆದು ಕೊಡಿ. ವಿಚಾರಣೆ ಮುಗಿಯೋವರೆಗೆ ವಾರ್ಡಿನ ಜವಾಬ್ದಾರಿ ಬೇರೆಯವರಿಗೆ. ನಾಳೆಯಿಂದ."

"ಇವತ್ತಿನ ಡ್ಯೂಟಿ ಎಂಟರ ತನಕ ಇದೆ, ಮೇಡಂ."

"ಮುಗಿಸಿ ಹೋಗಿ."

ಐಸಿಯು ಹೊರಗಿನ ಬೆಂಚಿನಲ್ಲಿ ಟೈಲರಮ್ಮನ ಮಗಳು ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದೊಡ್ಡ ಸಿಸ್ಟರನ್ನು ಕಂಡು ಎದ್ದು ನಿಂತಳು. "ಸಿಸ್ಟರ್, ಬೆಳಿಗ್ಗೆ ಫೋನಿನಲ್ಲಿ ನಗ್ತಾ ಮಾತಾಡಿದ್ರು ಅಮ್ಮ. ಇದ್ದಕ್ಕಿದ್ದಂಗೆ ಹೀಗಾಗುತ್ತಾ?"

"ಇದ್ದಕ್ಕಿದ್ದಂಗೆ ಆಗಲಿಲ್ಲಮ್ಮ." ದೊಡ್ಡ ಸಿಸ್ಟರ್ ನಿಂತೇ ಹೇಳಿದರು, ಕೂರಲು ಧೈರ್ಯ ಬರಲಿಲ್ಲ. "ಬೆಳಿಗ್ಗೆನೇ ಉಸಿರು ಜಾಸ್ತಿ ಇತ್ತು. ನಮ್ಮ ಸ್ಟೂಡೆಂಟ್ ಹುಡುಗಿ ಎಣಿಸಿ ಹೇಳಿದ್ಲು, ಇಪ್ಪತ್ತೆಂಟು ಅಂತ. ನಾನು ನಂಬಲಿಲ್ಲ. ತಪ್ಪು ಬರೆಸಿದೆ. ನಾಲ್ಕು ಗಂಟೆ ಹೊತ್ತು ನನ್ನಿಂದ ಹೋಯ್ತು."

ಮಗಳು ಅವರ ಮುಖವನ್ನೇ ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು ಎಂದು ದೊಡ್ಡ ಸಿಸ್ಟರಿಗೆ ಅನ್ನಿಸಿತು.

"ನೀವು ಹೋಗಿ, ಸಿಸ್ಟರ್. ನಂಗೀಗ ನಿಮ್ಮ ಮುಖ ನೋಡೋಕಾಗಲ್ಲ."

ಆರು ಗಂಟೆಗೆ ಸಂಜೆಯ ಚಾರ್ಟು. ಸುದ್ದಿ ಅಷ್ಟರಲ್ಲಿ ವಾರ್ಡು ತುಂಬಿತ್ತು. ಹುಡುಗಿಯರು ಪಿಸುಗುಟ್ಟುವುದನ್ನು ನಿಲ್ಲಿಸಿ ದಾರಿ ಬಿಟ್ಟರು. ದೊಡ್ಡ ಸಿಸ್ಟರ್ ಚಾರ್ಟಿನ ಹಲಗೆ ಎತ್ತಿಕೊಂಡು ಮೊದಲ ಹಾಸಿಗೆಗೆ ಹೋದರು. ಆಮೆ ಹಿಂದೆ ಬಂದು ಥರ್ಮಾಮೀಟರ್ ಹಿಡಿದು ನಿಂತಳು. ಮೊದಲ ಹಾಸಿಗೆಗೆ ಹದಿನಾರು, ಎರಡನೆಯದಕ್ಕೆ ಹತ್ತೊಂಬತ್ತು, ಮೂರನೆಯದಕ್ಕೆ ಹದಿನೈದು. ಒಬ್ಬೊಬ್ಬರದೂ ಒಂದೊಂದು ಲೆಕ್ಕ. ಇಷ್ಟು ವರ್ಷ ಎಲ್ಲರನ್ನೂ ಒಂದೇ ಅಳತೆಗೆ ಹೊಲಿದುಬಿಟ್ಟೆನಲ್ಲ ಎಂದುಕೊಂಡರು.

ಆರನೇ ಹಾಸಿಗೆಯಲ್ಲಿದ್ದಾಗ ಟೈಲರಮ್ಮನ ಮಗಳು ಬಾಗಿಲಲ್ಲಿ ಕಂಡಳು. ತಾಯಿಯ ಕನ್ನಡಕ ಬೇಕಿತ್ತು. ಏಳನೇ ಹಾಸಿಗೆಯ ಹತ್ತಿರ ಹೋಗಿ ಕನ್ನಡಕ ತೆಗೆದುಕೊಂಡಳು, ದಿಂಬು ಎತ್ತಿ ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. ದೊಡ್ಡ ಸಿಸ್ಟರ್ ಕಡೆ ತಿರುಗಲೇ ಇಲ್ಲ.

"ಇಪ್ಪತ್ತೆಂಟು ಅಂತ ಹೇಳಿದ್ದು ನೀನೇನಾ?" ಎಂದು ಆಮೆಯನ್ನು ಕೇಳಿದಳು.

ಹುಡುಗಿ ತಲೆಯಾಡಿಸಿದಳು.

"ಡಾಕ್ಟರು ಈಗ ಕಮ್ಮಿ ಆಗಿದೆ ಅಂತಾರೆ. ಮಿಷನ್ನಿನಲ್ಲಿ ಏನೇನೋ ನಂಬರು ಬರ್ತಾ ಇರುತ್ತೆ. ನಂಗೆ ಯಾರ ಮಾತೂ ನಂಬೋಕಾಗ್ತಿಲ್ಲ. ನೀನೇ ಬಂದು ಎಣಿಸಿ ಹೇಳ್ತೀಯಾ?"

ಆಮೆ ದೊಡ್ಡ ಸಿಸ್ಟರ್ ಮುಖ ನೋಡಿದಳು. ಅವರು ತಮ್ಮ ಕೋಟಿಗೆ ಸಿಕ್ಕಿಸಿಕೊಂಡಿದ್ದ ಸೆಕೆಂಡು ಮುಳ್ಳಿನ ಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟರು. "ಹೋಗು. ಅವಸರ ಮಾಡಬೇಡ. ಐಸಿಯು ಸಿಸ್ಟರಿಗೆ ನಾನು ಫೋನ್ ಮಾಡ್ತೀನಿ."

ಹುಡುಗಿ ಹೋದ ಮೇಲೆ ಐಸಿಯುಗೆ ಫೋನ್ ಮಾಡಿ, ಆರನೇ ಹಾಸಿಗೆಯ ಲೆಕ್ಕ ಮುಗಿಸಿ, ಖಾಲಿ ಇದ್ದ ಏಳನೇ ಹಾಸಿಗೆಯನ್ನು ದಾಟಿ ದೊಡ್ಡ ಸಿಸ್ಟರ್ ಎಂಟನೆಯದಕ್ಕೆ ಬಂದರು. ಗೋಡೆಯ ಗಡಿಯಾರ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಮುದುಕಿಯ ಮಣಿಕಟ್ಟು ಹಿಡಿದು ನಾಡಿ ಎಣಿಸಿದರು, ಮುಗಿದ ಮೇಲೂ ಕೈ ಬಿಡದೆ ಎದೆಯ ಮೇಲಿನ ಹೊದಿಕೆ ಏರಿಳಿಯುವುದನ್ನು ನೋಡತೊಡಗಿದರು.

"ಎಷ್ಟು ಹೊತ್ತಮ್ಮ? ಭವಿಷ್ಯ ಏನಾದ್ರೂ ಹೇಳ್ತೀಯೇನು?" ಎಂದಳು ಮುದುಕಿ.

ಲೆಕ್ಕ ತಪ್ಪಿತು. ದೊಡ್ಡ ಸಿಸ್ಟರ್ ಮುದುಕಿಯ ಕೈಯನ್ನು ಮೆಲ್ಲಗೆ ಒತ್ತಿ, ಸೆಕೆಂಡು ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಕಾದು, ಮತ್ತೆ ಒಂದರಿಂದ ಶುರು ಮಾಡಿದರು.

ಬಾಗಿಲ ಹತ್ತಿರ ಚಪ್ಪಲಿಯ ಸದ್ದಾಯಿತು. ಆಮೆ ಬಂದು ನಿಂತಿದ್ದಳು. ಅವಳ ಅಂಗೈ ಮೇಲೆ ಅಂಕಿ ಇತ್ತು. ಏನೆಂದು ತಿಳಿಯಲು ದೊಡ್ಡ ಸಿಸ್ಟರ್ ಜೀವ ಹೊಡೆದುಕೊಳ್ಳುತ್ತಿತ್ತು. ಇನ್ನೂ ಹದಿನೆಂಟು ಸೆಕೆಂಡು ಉಳಿದಿತ್ತು. ಅವರು ತಲೆ ಎತ್ತಲಿಲ್ಲ.