ಜಡೆಮ್ಮನ ಕುತ್ತಿಗೆ ನೋವು

ಕುತ್ತಿಗೆ ಹಿಡಿದುಕೊಂಡಿದೆ, ಹೆಗಲು ಕಲ್ಲಾಗಿದೆ, ಬೆನ್ನು ಬಗ್ಗುತ್ತಿಲ್ಲ. ನಮ್ಮ ಕಡೆ ಯಾವ ಓಣಿಗೆ ಹೋದರೂ ಕೇಳುವ ಮಾತು ಇದು. ಕುರುಗೋಡಿನ ಜಡೆಮ್ಮನೂ ಇದನ್ನೇ ಹೇಳುತ್ತಿದ್ದಳು.

ಜಡೆಮ್ಮ ದಿನಾ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ, ಜೀನ್ಸ್ ಪ್ಯಾಂಟ್ ಹೊಲಿಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾಳೆ. ಮಷಿನ್ ಮುಂದೆ ಬಗ್ಗಿಸಿದ ತಲೆ ಎತ್ತುವುದು ಊಟಕ್ಕೇ. ಆದರೂ ಎಷ್ಟೋ ವರ್ಷ ಅವಳಿಗೆ ಏನೂ ಆಗಿರಲಿಲ್ಲ.

ಹೋದ ವರ್ಷ, ಸಿರುಗುಪ್ಪಕ್ಕೆ ಕೊಟ್ಟಿದ್ದ ಅವಳ ತಂಗಿ ಹೆರಿಗೆಯಾದ ಮೇಲೆ ತೀರಿಕೊಂಡಳು. ತಾಯಿಯಿಲ್ಲದ ಕೂಸನ್ನು ಜಡೆಮ್ಮ ತನ್ನ ಮನೆಗೆ ತಂದಳು. ಮಣ್ಣು ಮಾಡಿದ ದಿನವೂ ಅವಳು ಅಳಲಿಲ್ಲ. ಕೂಸಿಗೆ ಹಾಲು ಕಾಯಿಸಬೇಕಿತ್ತು.

ಆಮೇಲೆ ಕುತ್ತಿಗೆ ಬಿಗಿಯತೊಡಗಿತು. ಹೆಗಲಿಗೆ ಇಳಿಯಿತು, ಬೆನ್ನಿಗೂ ಬಂತು. ಎತ್ತಿಕೋ ಎಂದು ಕೂಸು ಕೈ ಚಾಚಿದರೆ ಜಡೆಮ್ಮನಿಗೆ ಹೆದರಿಕೆಯಾಗುತ್ತಿತ್ತು.

ಗಂಡ ಚಂದ್ರಣ್ಣ ಭತ್ತದ ಲಾರಿ ಓಡಿಸುವವನು. ಹೆಂಡತಿಯ ನೋವು ನೋಡಲಾರದೆ ಒಂದು ದಿನ ಹೇಳಿದ:

“ಇಷ್ಟಕ್ಕ ದವಾಖಾನಿ ಯಾಕ? ಸಿರುಗುಪ್ಪದಾಗ ಒಬ್ಬಾತ ಅದಾನ. ಕುತ್ತಿಗಿ ಒಮ್ಮೆ ತಿರುವಿದ ಅಂದ್ರ ಲಟಕ್ ಅಂತೈತಿ, ನೋವು ಹೋತು. ನನಗ ಕಡಿಮಿ ಆತಲ್ಲ!”

ಇಬ್ಬರೂ ಸಿರುಗುಪ್ಪಕ್ಕೆ ಹೋದರು. ಆ ಮನುಷ್ಯ ಏನೂ ಕೇಳಲಿಲ್ಲ. ಜಡೆಮ್ಮನನ್ನು ಕೂರಿಸಿ, ಗದ್ದ ಹಿಡಿದು ಒಮ್ಮೆಲೇ ತಿರುವಿದ. ಸದ್ದು ಬಂತು. ಮನೆಗೆ ಬರುವಾಗ ಹಗುರವೆನ್ನಿಸಿತು. ಮರುದಿನ ಶೆಡ್ಡಿನಲ್ಲಿ ಬಲಗೈ ಜುಮ್ಮೆನ್ನತೊಡಗಿತು. ಬಟ್ಟೆಯ ಮೇಲಿದ್ದ ಬೆರಳು ಹಿಡಿತ ತಪ್ಪಿ ಸೂಜಿಯ ಕಡೆಗೇ ಜಾರಿತು. ಪಕ್ಕದ ಮಷಿನ್ನಿನ ಸುನಂದಾ ಅದನ್ನು ಕಂಡು ಓಡಿಬಂದು ಸ್ವಿಚ್ ಆರಿಸಿದಳು.

“ಅಕ್ಕಾ, ಏನಾತು?”

“ಬೆರಳು ನನ್ನವು ಅಂತ ಅನಸವಲ್ದು ಸುನಂದಾ.”

“ಇನ್ನ ಸುಮ್ಮನ ಕುಂದ್ರಬ್ಯಾಡ. ನನ್ನ ಸೊಂಟ ಹಿಡಕೊಂಡಾಗ ಗಾಂಧಿನಗರದ ಕ್ಲಿನಿಕ್ಕಿನಾಗ ತೋರಿಸಿದ್ದೆ. ಅಲ್ಲಿಗೆ ಹೋಗಾಣ ನಡಿ.”

“ಅಲ್ಲೂ ತಿರುವ್ತಾರೇನ?”

“ಮೊದಲು ಕೇಳ್ತಾರ, ನೋಡ್ತಾರ. ಬ್ಯಾಡ ಅನಿಸಿದ್ರ ಕೈನ ಹಚ್ಚಂಗಿಲ್ಲ.”

ಸುದ್ದಿ ತಿಳಿದು ಚಂದ್ರಣ್ಣನೂ ಅಲ್ಲಿಗೆ ಬಂದ. ಆ ಕ್ಲಿನಿಕ್ಕಿನ ಶೀಲಾ ಫಿಸಿಯೋಥೆರಪಿಸ್ಟ್. ಕೈರೋಪ್ರಾಕ್ಟಿಕ್ ಚಿಕಿತ್ಸೆಯನ್ನೂ ಕಲಿತವರು. ಬೆನ್ನೆಲುಬಿನ ಕೀಲುಗಳನ್ನು ಕೈಯಿಂದಲೇ ಹದವಾಗಿ ಒತ್ತಿ ಸಡಿಲಿಸುವ ಚಿಕಿತ್ಸೆ ಅದು. ಅವರು ಜಡೆಮ್ಮನ ಕೈಯ ಬಲ ನೋಡಿದರು, ಬೆರಳುಗಳನ್ನು ಮುಟ್ಟಿ ಕೇಳಿದರು.

“ಇವತ್ತ ಕುತ್ತಿಗಿಗೆ ನಾನು ಕೈ ಹಚ್ಚಂಗಿಲ್ರಿ. ಕೈ ಜುಮ್ ಅಂದು ಹಿಡಿತ ತಪ್ಪಿದ್ರ, ಮೊದಲು ಎಲುಬಿನ ಡಾಕ್ಟ್ರು ನೋಡಬೇಕು. ಈಗಲೇ ಹೋಗ್ರಿ.”

ಚಂದ್ರಣ್ಣನಿಗೆ ಸಿಟ್ಟು ಬಂತು. “ನೋವು ಅಂತ ಬಂದ್ರ ಬ್ಯಾರೆ ಕಡೆ ಕಳಿಸ್ತೀರಲ್ರೀ ಮೇಡಂ?”

“ಅಣ್ಣಾರ, ಮೆದುಳಿಗೆ ಹೋಗೋ ರಕ್ತನಾಳ ಕುತ್ತಿಗ್ಯಾಗ ಅದಾವ. ಕೈಗೆ ಹೋಗೋ ನರನೂ ಅಲ್ಲೇ ಅದಾವ. ನೋಡದ, ಕೇಳದ ಜೋರಾಗಿ ತಿರುವಿದ್ರ ಲಕ್ವ ಹೊಡೆಯೋ ಅಪಾಯ ಐತಿ. ನಿಮಗ ಏನೂ ಆಗಲಿಲ್ಲ, ಅದು ನಿಮ್ಮ ಪುಣ್ಯ.”

ಚಂದ್ರಣ್ಣ ಹೆಂಡತಿಯನ್ನು ಕರೆದುಕೊಂಡು ದವಾಖಾನೆಗೆ ಹೊರಟ.

ಎಲುಬಿನ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಕುತ್ತಿಗೆಯಲ್ಲಿ ಒಂದು ನರ ಒತ್ತಿಕೊಂಡಿತ್ತು. ಆಪರೇಷನ್ ಬೇಡ, ಮಾತ್ರೆ, ವಿಶ್ರಾಂತಿ, ವ್ಯಾಯಾಮ ಸಾಕು ಎಂದು ಮತ್ತೆ ಶೀಲಾ ಅವರ ಬಳಿಗೇ ಕಳಿಸಿದರು.

ಶೀಲಾ ಕೆಲಸದ ಬಗ್ಗೆ ಕೇಳಿದರು, ನಿದ್ದೆಯ ಬಗ್ಗೆ ಕೇಳಿದರು. ಆಮೇಲೆ ಮೆಲ್ಲಗೆ, “ಮನಸಿಗೆ ಏನಾರ ಆಗೈತೇನಮ್ಮ?” ಎಂದರು.

“ನನ್ನ ತಂಗಿ...” ಎಂದಳು ಜಡೆಮ್ಮ. ವರ್ಷವಿಡೀ ತಡೆದಿದ್ದ ಅಳು ಒಮ್ಮೆಲೇ ಬಂತು. ಚಂದ್ರಣ್ಣ ಹತ್ತಿರ ಬಂದು ಅವಳ ಕೈ ಹಿಡಿದುಕೊಂಡ.

“ಇಷ್ಟು ದಿನ ಒಬ್ಬಾಕಿನ ನುಂಗಿಕೊಂಡಿದ್ದೇನ? ನನ್ನ ಮುಂದ ಅಳಬಾರದಿತ್ತೇನ?”

ಶೀಲಾ ಅವಳಿಗೆ ಸಮಾಧಾನವಾಗುವವರೆಗೆ ಕಾದರು. “ಈ ನೋವು ಖರೇನ ಐತಮ್ಮ. ದುಃಖ, ಚಿಂತಿ ಒಳಗ ಇಟ್ಟುಕೊಂಡ್ರ ಕುತ್ತಿಗಿ, ಹೆಗಲು ಬಿಗಿತಾವ. ಅದರ ಮ್ಯಾಲೆ ದಿನಾ ಬಗ್ಗಿ ಹೊಲಿಯೋ ಕೆಲಸ. ಎರಡನ್ನೂ ನೋಡಬೇಕು.”

ವ್ಯಾಯಾಮ ಶುರುವಾಯಿತು. ಜುಮ್ಮೆನ್ನುವುದು ನಿಂತ ಮೇಲಷ್ಟೇ ಶೀಲಾ ಅವಳ ಮೇಲ್ಬೆನ್ನನ್ನು ಹದವಾಗಿ ಒತ್ತಿ ಸಡಿಲಿಸಿದರು. ಕುತ್ತಿಗೆಯನ್ನು ತಿರುವಲೇ ಇಲ್ಲ. ಶೆಡ್ಡಿನಲ್ಲಿ ಜಡೆಮ್ಮ ಸ್ಟೂಲನ್ನು ಎತ್ತರಿಸಿಕೊಂಡಳು. ಆಗಾಗ ಎದ್ದು ಹೆಗಲು ತಿರುಗಿಸುತ್ತಾಳೆ. ಕೆಲಸ ಹೆಚ್ಚಾದಾಗ ನೋವು ಈಗಲೂ ಬರುತ್ತದೆ, ಆದರೆ ಅವಳಿಗೆ ಭಯವಿಲ್ಲ. ಸಂಜೆ ಕೂಸನ್ನು ಚಂದ್ರಣ್ಣ ಎತ್ತಿಕೊಳ್ಳುತ್ತಾನೆ. ಗಂಡ ಹೆಂಡತಿ ಕೂತು ತಂಗಿಯ ಮಾತಾಡುತ್ತಾರೆ, ಅಳು ಬಂದರೆ ಜಡೆಮ್ಮ ಅಳುತ್ತಾಳೆ.

ಮೊನ್ನೆ ಜೊತೆಯ ಡ್ರೈವರ್ ಪರಶು ಕುತ್ತಿಗೆ ತಿರುವಿಸಿಕೊಳ್ಳಲು ಹೊರಟಿದ್ದ. ಚಂದ್ರಣ್ಣ ಲಾರಿಗೆ ಅಡ್ಡ ನಿಂತ. “ಬ್ಯಾಡಲೇ ಪರಶು. ಮೊದಲು ಡಾಕ್ಟ್ರಿಗೆ ತೋರಿಸಾಕ ನಡಿ, ನಾನೂ ಬರ್ತೀನಿ.”

ಅಕ್ಕಂದಿರೇ, ಅಣ್ಣಂದಿರೇ, ಸಿಕ್ಕಸಿಕ್ಕವರ ಕೈಗೆ ನಿಮ್ಮ ಕುತ್ತಿಗೆ ಕೊಡಬೇಡಿ. ಕೈರೋಪ್ರಾಕ್ಟಿಕ್ ಆಗಲಿ, ಫಿಸಿಯೋಥೆರಪಿಯಾಗಲಿ, ಓದಿ ತರಬೇತಿ ಪಡೆದವರಿಂದಲೇ ಮಾಡಿಸಿಕೊಳ್ಳಿ. ಕೈಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಬಿದ್ದು ಪೆಟ್ಟಾಗಿದ್ದರೆ, ನೋವಿನ ಜೊತೆ ಜ್ವರವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಮಾತು ತೊದಲಿದರೆ, ಮುಖ ವಾಲಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ಕ್ಷಣವೂ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿ. ಮನಸ್ಸಿನ ಸಂಕಟ ಹೇಳಿಕೊಳ್ಳಲು ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ನಿಮ್ಮ ಮನೆಯಲ್ಲೂ ಹೆಗಲು ಒತ್ತಿಕೊಳ್ಳುತ್ತಾ ಸುಮ್ಮನೆ ಕೆಲಸ ಮಾಡುವವರು ಇರಬಹುದು. ಇವತ್ತೇ ಅವರ ಪಕ್ಕ ಕೂತು, ಎಲ್ಲಿ ನೋವು ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೂ ಏಳಬೇಡಿ.