ಫ್ರಿಜ್ಜಿನಲ್ಲಿಟ್ಟ ಎಂಜಲು

ಮಗಳ ಎಂಜಲನ್ನು ಪಂಪಮ್ಮನವರ ಫ್ರಿಜ್ಜಿನಲ್ಲಿಡುವುದೆಂದು ತೀರ್ಮಾನಿಸಿದ ಗಳಿಗೆಯಲ್ಲಿ ಕದಿರಮ್ಮನಿಗೆ ತಾನು ಬಹಳ ಜಾಣೆ ಅನ್ನಿಸಿತ್ತು. ಹಾಗೆ ಅನ್ನಿಸಿದಾಗಲೆಲ್ಲ ಏನಾದರೊಂದು ಕೆಡುತ್ತದೆ ಎಂಬುದು ಮೂವತ್ತಾರು ವರ್ಷದ ಬದುಕಿನಲ್ಲಿ ಅವಳಿಗೆ ತಿಳಿದಿರಬೇಕಿತ್ತು.

ಮಡಕಶಿರಾ ಹತ್ತಿರದ ಗುಡಿಬಂಡೆ ಕಡೆಯ ಹಳ್ಳಿ ಬಿಟ್ಟು ರಾಯದುರ್ಗಕ್ಕೆ ಬಂದು ನಾಲ್ಕು ವರ್ಷ. ಅವಳು ಜೀನ್ಸ್ ಶೆಡ್ಡಿನಲ್ಲಿ ಪ್ಯಾಂಟುಗಳಿಗೆ ಹಿಂಜೇಬು ಹೊಲಿಯುತ್ತಾಳೆ. ಗಂಡ ಬಳ್ಳಾರಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಡೆ ಇದ್ದು, ಹದಿನೈದು ದಿನಕ್ಕೊಮ್ಮೆ ನೀಲಿ ಉಗುರುಗಳೊಂದಿಗೆ ಮನೆಗೆ ಬರುತ್ತಾನೆ. ಏಳನೇ ತರಗತಿಯ ಮಗಳು ಗಂಗೋತ್ರಿ ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ. ಬಂದ ಹೊಸತರಲ್ಲಿ ಅವಳ ಮಡಕಶಿರಾ ಕಡೆಯ ಮಾತನ್ನು ಹುಡುಗಿಯರು ಅಣಕಿಸಿದ್ದರು. ಅಂದು ಮುಚ್ಚಿದ ಬಾಯಿ. ಅವಳಿಗಿದ್ದ ಒಬ್ಬಳೇ ಗೆಳತಿ ಎಂದರೆ ಮನೆಯ ಒಡತಿ ಪಂಪಮ್ಮನವರ ಮೊಮ್ಮಗಳು ರೇಖಾ. ಓದುವುದು ಬೇರೆ ಶಾಲೆಯಾದರೂ ರಜೆ ಸಿಕ್ಕರೆ, ಸಂಜೆಯಾದರೆ, ಇಬ್ಬರೂ ಪಂಪಮ್ಮನವರ ಮೆಟ್ಟಿಲ ಮೇಲೆ. ಆ ಮೆಟ್ಟಿಲು ತಪ್ಪಿದರೆ ಮಗಳಿಗೆ ಈ ಊರಿನಲ್ಲಿ ಯಾರೂ ಇಲ್ಲ ಎಂಬುದು ಕದಿರಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಶಾಲೆಗೆ ಅನಂತಪುರದಿಂದ ಒಬ್ಬರು ಮೇಡಂ ಬಂದಿದ್ದರು. ಮನಸ್ಸಿನ ಮೇಲೆ ಒತ್ತಡ ಬಿದ್ದರೆ ಮೈಯಲ್ಲಿ ಒಂದು ಹಾರ್ಮೋನು ಏರುತ್ತದೆ, ಅದು ಎಂಜಲಿನಲ್ಲಿ ಗೊತ್ತಾಗುತ್ತದೆ, ಈ ವಯಸ್ಸಿನ ಮಕ್ಕಳು ಗೆಳೆತನ ಕಟ್ಟಿಕೊಳ್ಳುವುದಕ್ಕೂ ಅದಕ್ಕೂ ಏನು ಸಂಬಂಧವೆಂದು ನೋಡುತ್ತಿದ್ದೇವೆ ಎಂದು ತಾಯಂದಿರಿಗೆ ವಿವರಿಸಿದರು. ಮೂರು ದಿನ, ಎದ್ದ ಕೂಡಲೇ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಬೆರಳುದ್ದದ ಪ್ಲಾಸ್ಟಿಕ್ ಸೀಸೆಗೆ ಉಗಿದು ಫ್ರಿಜ್ಜಿನ ಐಸು ಕಟ್ಟುವ ಖಾನೆಯಲ್ಲಿಡಬೇಕು.

"ನಿಮ್ಮ ಹುಡುಗಿಗೆ ಎಷ್ಟು ಜನ ಗೆಳತಿಯರು?" ಎಂದು ಮೇಡಂ ಕೇಳಿದಾಗ ಕದಿರಮ್ಮ ತಡವರಿಸದೆ, "ಐದು ಬರ್ಕಳಿ" ಅಂದಿದ್ದಳು. ಗಂಗೋತ್ರಿ ತಲೆ ತಗ್ಗಿಸಿ ತನ್ನ ಕಾಲ್ಬೆರಳನ್ನು ಎಣಿಸತೊಡಗಿದಳು.

ಕದಿರಮ್ಮನಿಗೆ ಹತ್ತಿದ ಭಯವೇ ಬೇರೆ. ತಾನು ದಿನಾ ಬೆಳಗ್ಗೆ ಕೂಗಾಡುವುದೆಲ್ಲ ಸೀಸೆಯಲ್ಲಿ ಸಿಕ್ಕಿಬಿದ್ದರೆ? ಅದಕ್ಕೇ ಮೊದಲನೇ ದಿನ ಮಗಳ ತಲೆ ಸವರಿ, "ಏಳು ನನ್ನ ಬಂಗಾರ" ಅಂದಳು. ಗಂಗೋತ್ರಿ ದಡಬಡಿಸಿ ಎದ್ದು ಕೂತಳು.

"ಯಾಕಮ್ಮ, ಅಪ್ಪಂಗೆ ಏನಾರ ಆಗೈತಾ?"

ಹುಡುಗಿಯ ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲೇ ಕಾಣುತ್ತಿತ್ತು. ಹಾರ್ಮೋನು ಏರಿಸಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯ ಯಾವ ಮೇಡಂಗೂ ಹೊಳೆಯುತ್ತಿರಲಿಲ್ಲ. ಸೀಸೆ ತುಂಬಿತು.

ಇನ್ನು ಫ್ರಿಜ್ಜು. ಅದು ಇದ್ದದ್ದು ಪಂಪಮ್ಮನವರ ಮನೆಯಲ್ಲಿ. ಲಿಂಗಪೂಜೆ ಮುಗಿಯದೆ ನೀರು ಮುಟ್ಟದವರು, ಲೋಟ ತುಟಿಗೆ ತಾಕಿತೆಂದು ಮೂರು ಸಲ ತೊಳೆಸುವವರು. ಎಂಜಲು ಅಂದರೆ ಮುಗಿಯಿತು. ಅದಕ್ಕೆ ಕದಿರಮ್ಮ, "ಹುಡುಗಿ ಕಣ್ಣಿನ ಔಷ್ದಿ ಅಮ್ಮಾರೆ, ತಣ್ಣಗಿರಬೇಕಂತೆ" ಅಂದಳು.

"ಬ್ಯಾಡ ಕಣಮ್ಮ, ನಿಜ ಹೇಳ್‌ಬಿಡು" ಎಂದು ಗಂಗೋತ್ರಿ ಮೊದಲೇ ಹೇಳಿದ್ದಳು. ಆದರೆ ಆ ಹೊತ್ತಿಗೆ ಕದಿರಮ್ಮ ಜಾಣೆಯಾಗಿದ್ದಳಲ್ಲ.

ಪಂಪಮ್ಮನವರು ಪಾಪ, ಐಸಿನ ಖಾನೆಯಲ್ಲಿದ್ದ ಹಾಲಿನ ಪ್ಯಾಕೆಟ್ಟು ಸರಿಸಿ ಸೀಸೆಗೆ ಜಾಗ ಮಾಡಿಕೊಟ್ಟರು. ಎರಡು ದಿನಕ್ಕೆ ನಾಲ್ಕು ಸೀಸೆ ಒಳಗೆ ಹೋದವು.

ಮೂರನೇ ದಿನ ಭಾನುವಾರ. ಬೆಳಗಿನ ಸೀಸೆ ಹಿಡಿದು ತಾಯಿ ಮಗಳು ಹೋದರೆ, ಪಂಪಮ್ಮನವರು ಒಂದು ಕಣ್ಣು ಕೆಂಡದಂತೆ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ರೇಖಾ ಪಕ್ಕದಲ್ಲಿ ದೀಪದ ಬತ್ತಿ ಹೊಸೆಯುತ್ತಿದ್ದಳು. ಬಿಸಿಲಿನಲ್ಲಿ ಒಂದು ಸೀಸೆ ನಿಂತಿತ್ತು.

"ಬಾರವ್ವಾ ಕದಿರಮ್ಮ, ಚೊಲೋ ಹೊತ್ತಿಗೆ ಬಂದಿ. ನಂಗೂ ಕಣ್ಣು ಬಂದೈತಿ. ನಿನ್ನ ಮಗಳ ಔಷಧಿ ಒಂದು ತಗದೀನಿ. ಗಡ್ಡಿ ಕಟ್ಟಿತ್ತು, ಕರಗ್ಸೀನಿ. ನನ್ನ ಕೈ ನಡಗ್ತಾವು, ಹತ್ತಿ ಅದ್ದಿ ಎರಡು ಹನಿ ಹಿಂಡು."

ಅಷ್ಟು ಹೇಳಿ ತಲೆಯನ್ನು ಹಿಂದಕ್ಕೆ ಚೆಲ್ಲಿ, ಬೆರಳಿನಿಂದ ಕಣ್ಣು ಅಗಲಿಸಿ ಕೂತೇಬಿಟ್ಟರು.

"ಅಮ್ಮಾರೆ, ಇದು ಮಕ್ಳಿಗೆ ಮಾತ್ರ ಹಾಕೋದು."

"ನಂದೇನು ಆನಿ ಕಣ್ಣೇನ? ಹಾಕು."

"ಉರೀತೈತೆ."

"ಉರೀಲಿ ಬಿಡು. ಉರಿದ್ರ ಕೆಲಸ ಮಾಡತೈತಿ ಅಂತ."

"ಹಳೇದಾಗೈತೆ ಅಮ್ಮಾರೆ."

"ಮೊನ್ನಿ ತಂದಿ, ಯಾವಾಗ ಹಳೇದಾತು? ಕತ್ತು ನೋಯಾಕತ್ತೈತಿ, ಹಾಕ."

ಕದಿರಮ್ಮನ ಕೈ ಹತ್ತಿಯನ್ನು ಅದ್ದಿತು. ನಿಜ ಹೇಳಿದರೆ ಮಗಳಿಗೆ ಮೆಟ್ಟಿಲು ತಪ್ಪುತ್ತದೆ. ಹೇಳದಿದ್ದರೆ ಪೂಜೆ ಮುಗಿಸಿದ ಮುದುಕಿಯ ಕಣ್ಣಿಗೆ ಎಂಜಲು. ಈ ಗಳಿಗೆಯಲ್ಲಿ ತನ್ನ ಬಾಯಿಗೆ ಸೀಸೆ ಹಿಡಿದರೆ ಮೇಡಂ ಅವರ ಮೆಷಿನ್ನೇ ಸುಟ್ಟುಹೋಗುತ್ತದೆ ಅನ್ನಿಸಿತು. ಹತ್ತಿಯ ತುದಿಯಲ್ಲಿ ಹನಿ ತೂಗಿತು.

"ಹಾಕ್‌ಬ್ಯಾಡ ಕಣಮ್ಮ! ಅಜ್ಜಿ, ಅದು ಔಷ್ದಿ ಅಲ್ಲ, ನನ್ನ ಎಂಜ್ಲು!"

ಗಂಗೋತ್ರಿಯ ದನಿ ಬೀದಿಗೆಲ್ಲ ಕೇಳಿಸಿತು. ನಾಲ್ಕು ವರ್ಷದ್ದೆಲ್ಲ ಒಂದೇ ಸಲ ಹೊರಬಿದ್ದಂತೆ.

ಪಂಪಮ್ಮನವರು ಕೆಂಪು ಕಣ್ಣು ಮುಚ್ಚಿ ಇನ್ನೊಂದು ಕಣ್ಣಿನಿಂದ ನೋಡಿದರು. "ಏನಂದಿ?"

"ಉಗುಳು. ಇನ್ನೂ ಮೂರೈತೆ ಒಳಗೆ, ಹಾಲಿನ ಪಕ್ಕ."

"ಶಿವಶಿವಾ, ಪೂಜಿ ಹಾಲಿನ ಮಗ್ಗಲಕ! ರೇಖಾ, ಒಳಗ ನಡಿ. ಈ ಹುಡುಗಿ ಇನ್ನ ನಮ್ಮ ಮೆಟ್ಟಲಾ ಹತ್ತಂಗಿಲ್ಲ."

ರೇಖಾ ಕದಲಲಿಲ್ಲ. ಕದಿರಮ್ಮನ ಬಾಯಿಗೆ ಮತ್ತೊಂದು ಸುಳ್ಳು ಬಂದಿತ್ತು, ಅದನ್ನು ನುಂಗಿಕೊಂಡಳು.

"ಸುಳ್ಳೇಳಿದ್ದು ನಾನು ಅಮ್ಮಾರೆ. ಅವ್ಳು ಬ್ಯಾಡ ಅಂದಿದ್ಲು. ಬೇಕಾದ್ರೆ ನನ್ನ ಹತ್ತಿಸ್‌ಬ್ಯಾಡಿ. ಅವಳಿಗೆ ಇಲ್ಲಿ ನಿಮ್ಮ ರೇಖಾ ಬಿಟ್ರೆ ಯಾರಿಲ್ಲ."

ಪಂಪಮ್ಮನವರು ಸೆರಗಿನಿಂದ ಕೆಂಪು ಕಣ್ಣು ಒರೆಸಿಕೊಂಡರು. ಆಮೇಲೆ, "ಮೊದಲ ಫ್ರಿಜ್ ತೊಳಿ ನಡಿ. ಮಾತು ಆಮ್ಯಾಲ" ಅಂದರು.

ಫ್ರಿಜ್ಜಿನ ತಟ್ಟೆಗಳನ್ನು ನಲ್ಲಿಯ ಹತ್ತಿರ ಹೊತ್ತು ತಂದು ಕದಿರಮ್ಮ ಸೀಗೆಪುಡಿ ಹಾಕಿ ಉಜ್ಜಿದಳು. ಹೊರಗಿಟ್ಟ ಸೀಸೆಗಳು ಬಿಸಿಲಿಗೆ ಕರಗಿ, ಮೇಡಂ ಅವರ ಸಂಶೋಧನೆಯೂ ಅಷ್ಟರಮಟ್ಟಿಗೆ ಕರಗಿಹೋಯಿತು. ಇನ್ನು ಮಗಳು ಕೋಣೆ ಸೇರಿ ಅಳುತ್ತಿರುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕಿಸಕಿಸ ನಗು. ರೇಖಾ ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದಾಳೆ. ಗಂಗೋತ್ರಿ ಹತ್ತಿ ಹಿಡಿದು, ಕೈ ನಡುಗಿಸುತ್ತ, ತನ್ನ ಮಡಕಶಿರಾ ಮಾತಿನಲ್ಲೇ, "ಉರೀತೈತೆ ಅಮ್ಮಾರೆ, ಹಳೇದಾಗೈತೆ ಅಮ್ಮಾರೆ" ಅನ್ನುತ್ತಿದ್ದಾಳೆ.

ಬಾಗಿಲಲ್ಲಿ ನಿಂತ ಪಂಪಮ್ಮನವರು ಒಂಟಿ ಕಣ್ಣಿನಿಂದ ಅದನ್ನು ನೋಡುತ್ತಿದ್ದರು. ಒಳಗೆ ಬಾ ಎಂದು ರೇಖಾಳನ್ನು ಮತ್ತೆ ಕರೆಯಲಿಲ್ಲ.

ಕದಿರಮ್ಮ ಸೀಗೆಯ ಕೈಯನ್ನೇ ಎತ್ತಿ ಕೂಗಿದಳು: "ಲೇ, ಅಷ್ಟೇ ಅಲ್ಲ ಕಣೆ, ಮೂಗೂ ಬೆವರಿತ್ತು ನಂದು. ಅದನ್ನೂ ಮಾಡಿ ತೋರ್ಸು."