ಹುಣಸೆಹಣ್ಣು ಹಚ್ಚಿದ ಬಿಲ್ಲೆ

ದೊಡ್ಡಬಳ್ಳಾಪುರದ ಬೆಳ್ಳಿ ಶುದ್ಧಿ ಮಾಡುವ ಕಾರ್ಖಾನೆಯಲ್ಲಿ ವೆಂಕಟರಾಮಪ್ಪನಿಗೆ ಅಂದು ಕೊನೆಯ ದಿನ. ಬೆಳಗ್ಗೆ ಅವನು ಎರಕ ಹೊಯ್ದ ಗಟ್ಟಿಗಳು ಲ್ಯಾಬಿನಲ್ಲಿ ಪಾಸಾದರೆ ಮುದ್ರೆ ಒತ್ತಿಸಿಕೊಂಡು ಹೊರಡುತ್ತವೆ. ಇಲ್ಲದಿದ್ದರೆ ಮತ್ತೆ ಕುಲುಮೆಗೆ; ನಾಳೆ ಅವನ್ನು ಕರಗಿಸುವವನು ಬೇರೆ ಯಾರೋ. ಕೊನೆಯ ಮುದ್ರೆ ತಾನೇ ಒತ್ತಬೇಕೆಂದು ಅವನಿಗೆ ಆಸೆ.

ಅದೇ ಎರಕದ ಪುಟ್ಟ ಬಿಲ್ಲೆಯೊಂದರ ಮೇಲ್ಪದರ ಕೆತ್ತಿ, ಪರೀಕ್ಷೆಗೆಂದು ಮೇಜಿನ ಮೇಲಿಟ್ಟು, ಲ್ಯಾಬಿನ ನರೇಶ್ ಊಟಕ್ಕೆ ಹೋಗಿದ್ದ. ಯಂತ್ರ ಅದರ ಮೇಲೆ ಕಿಡಿ ಹಾರಿಸಿ, ಹತ್ತು ಲಕ್ಷದಲ್ಲಿ ಒಂದು ಪಾಲು ಕಲಬೆರಕೆ ಇದ್ದರೂ ಹಿಡಿಯುತ್ತಿತ್ತು.

ಲ್ಯಾಬಿಗೆ ಬಂದ ವೆಂಕಟರಾಮಪ್ಪನಿಗೆ ಬಿಲ್ಲೆ ಮಂಕಾಗಿ ಕಂಡಿತು. ಚಿಕ್ಕಂದಿನ ತೂಬಗೆರೆಯ ಮನೆ ನೆನಪಾಯಿತು. ಗೌರಿಹಬ್ಬದ ಹಿಂದಿನ ದಿನ ಅವ್ವ ಬೈರಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಮನೆಯಲ್ಲಿದ್ದ ಒಂದೇ ಒಂದು ಬೆಳ್ಳಿ ಬಟ್ಟಲಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಆಮೇಲೆ ಬಿಸಿಲಿಗೆ ಹಿಡಿದು, "ಮಕ ಕಾಣ್ತದೇನ್ಲಾ?" ಅನ್ನುತ್ತಿದ್ದಳು.

ಕ್ಯಾಂಟೀನಿನಿಂದ ಒಂದು ಚೂರು ಹುಣಸೆಹಣ್ಣು ಬಂತು. ಕುಲುಮೆಯ ಪಕ್ಕದ ದೇವರಪಟದ ಮುಂದೆ ಊದುಬತ್ತಿ ಬೂದಿ ಇತ್ತು. ಮುಖ ಕಾಣುವ ತನಕ ತಿಕ್ಕಿ, ತೊಳೆದು, ಬಿಲ್ಲೆಯನ್ನು ಇದ್ದ ಜಾಗದಲ್ಲೇ ಇಟ್ಟ.

ಊಟ ಮುಗಿಸಿ ಬಂದ ನರೇಶ್ ಯಂತ್ರ ನಡೆಸಿದವನೇ ಹುಬ್ಬು ಗಂಟಿಕ್ಕಿದ.

"ಯಜಮಾನ್ರೇ, ಕ್ಯಾಲ್ಸಿಯಂ, ಕಬ್ಬಿಣ ಎಲ್ಲ ತೋರಿಸ್ತೈತೆ. ಬೆಳ್ಳಿ ಕರಗಿಸೋ ಮೂಸೆಗೆ ಏನಾದ್ರೂ ಬಿತ್ತಾ?"

"ನನ್ ಮೂಸೆಗಾ?" ವೆಂಕಟರಾಮಪ್ಪ ಯಂತ್ರದ ಹತ್ತಿರ ಬಂದ. "ಏನೂ ಬಿದ್ದಿಲ್ಲ ಕಣಪ್ಪ."

ನರೇಶ್ ಬಿಲ್ಲೆಯನ್ನು ಚಿಮುಟದಲ್ಲಿ ಎತ್ತಿ ತಿರುಗಿಸಿ ನೋಡಿದ. ಮೂಗಿನ ಹತ್ತಿರ ತಂದ. "ಇದೇನ್ ಸಾರು ವಾಸ್ನೆ?"

"ಮಂಕಾಗಿತ್ತು. ಅದಕ್ಕೇ ಒಸಿ ತಿಕ್ಕಿದೆ. ಬೂದಿ ಹಾಕಿ."

"ನಮ್ಮಜ್ಜಿ ಕಾಮಾಕ್ಷಿ ದೀಪಕ್ಕೆ ಹಿಂಗೇ ಮಾಡೋಳು," ನರೇಶ್ ನಕ್ಕುಬಿಟ್ಟ. "ಬೆಳ್ಳಿಗೆ ಸ್ನಾನ ಮಾಡಿಸಿ ಹೆಣ್ಣು ನೋಡೋ ಶಾಸ್ತ್ರಕ್ಕೆ ಕೂರ್ಸಿದ್ದೀರಲ್ಲ ಗುರುವೇ. ತಡೀರಿ, ಇನ್ನೊಂದು ಪದರ ಕೆತ್ತಿ ನೋಡಾಣ."

ಹೊಳಪೆಲ್ಲ ತೆಳ್ಳಗಿನ ಸುರುಳಿಯಾಗಿ ಉದುರಿತು. ಮತ್ತೆ ಕಿಡಿ ಹಾರಿತು. ವೆಂಕಟರಾಮಪ್ಪ ಪರದೆ ನೋಡಲಿಲ್ಲ. ನರೇಶನ ಮುಖ ನೋಡುತ್ತ ನಿಂತ.

"ಪಾಸು. ಆದ್ರೆ ಈಗ ಮುಖ ಕಾಣಲ್ಲ."

"ಬೇಡ ಬಿಡಪ್ಪ."

ಸಂಜೆ ಮುದ್ರೆ ಒತ್ತಿ ಮುಗಿಸಿ, ಬೆಳ್ಳಿಯ ಧೂಳು ಹೊರಗೆ ಹೋಗದಿರಲೆಂದು ಗೇಟಿನ ಬಳಿ ಇಟ್ಟಿದ್ದ ತೊಟ್ಟಿಯಲ್ಲಿ ಎಲ್ಲರ ಹಾಗೆ ಅವನೂ ಕೈ ತೊಳೆದ. ಬಸ್ಸಿನಲ್ಲಿ ಕೂತು ಬೆರಳು ಮೂಸಿದರೆ ಹುಣಸೆಹಣ್ಣಿನ ವಾಸನೆ ಇನ್ನೂ ಇತ್ತು.